ಮಕ್ಕಳ ಡಾಕ್ಟರ್ ಓದು: ಮನೆಯಲ್ಲಿ ಹಾಕದೆ ಉಳಿದ ಲೆಕ್ಕ

ಹೊಸೂರು, ಕೃಷ್ಣಗಿರಿ, ಬರ್ಗೂರು, ಡೆಂಕಣಿಕೋಟೆ ಕಡೆಯ ನಮ್ಮ ವ್ಯಾಪಾರಿ ಮನೆತನಗಳಲ್ಲಿ ಒಂದು ಕಾಲಕ್ಕೆ ಹುಡುಗ ಹತ್ತನೆಯ ತರಗತಿ ಮುಗಿಸಿದನೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದೇ ಅವನ ಮುಂದಿನ ವಿದ್ಯಾಭ್ಯಾಸವಾಗಿತ್ತು. ಹುಡುಗಿಯರ ಮಾತಂತೂ ಬೇಡ. ಈಗ ಆ ಕಾಲ ಹೋಗಿದೆ, ಹೋಗಿದ್ದು ಒಳ್ಳೆಯದೇ ಆಯಿತು. ಬಟ್ಟೆ ಅಂಗಡಿಯವರಾಗಲಿ, ಗಿರವಿ ಅಂಗಡಿಯವರಾಗಲಿ, ಹಾರ್ಡ್‌ವೇರ್ ಅಂಗಡಿಯವರಾಗಲಿ, ಮನೆಯಲ್ಲಿ ಚುರುಕಾದ ಒಂದು ಮಗು ಇದ್ದರೆ ‘ನೀಟ್’ ಪರೀಕ್ಷೆಯ ಮಾತು ಬಂದೇ ಬರುತ್ತದೆ. ಸೀಟು ಸಿಕ್ಕಿದ ದಿನ ಬಸದಿಯಲ್ಲಿ ಪೂಜೆ, ಬಂಧುಗಳಿಗೆ ಸಿಹಿ. ಎಲ್ಲರೂ ಕೇಳುವ ಪ್ರಶ್ನೆಗಳು ಎರಡೇ: ಯಾವ ಕಾಲೇಜು? ಫೀಸು ಎಷ್ಟು?

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಫೀಸು ಕಟ್ಟುವುದು ಮುಗಿದ ದಿನದಿಂದ ಮಗು ನಿಜವಾಗಿ ಸಂಪಾದಿಸುವ ದಿನದವರೆಗೆ ಎಷ್ಟು ವರ್ಷ? ಆ ವರ್ಷಗಳಲ್ಲಿ ಕೈಗೆ ಬರುವುದೆಷ್ಟು, ಬಡ್ಡಿ ಬೆಳೆಯುವುದೆಷ್ಟು? ನಾಲ್ಕಾಣೆ ಬಡ್ಡಿಯ ವ್ಯತ್ಯಾಸವನ್ನೂ ಬೆರಳ ತುದಿಯಲ್ಲಿ ಹೇಳುವ ನಮ್ಮ ಜನ ಈ ಒಂದು ಲೆಕ್ಕವನ್ನು ಮಾತ್ರ ಹಾಕದೆ ಬಿಡುತ್ತಾರೆ.

ಫೀಸಿನ ಕಥೆಗೆ ಒಂದು ಹಿನ್ನೆಲೆಯಿದೆ. ಅದರಲ್ಲಿ ನಮಗೆಲ್ಲ ಪರಿಚಿತವಾದ ಒಂದು ಅಡ್ಡಹೆಸರೂ ಇದೆ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ 1991ರಲ್ಲಿ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಸೀಟು ಬಯಸಿದರು. ಆಗ ಕರ್ನಾಟಕ ಸರ್ಕಾರವೇ ಹೊರಡಿಸಿದ್ದ ಅಧಿಸೂಚನೆಯಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಖಾಸಗಿ ಕಾಲೇಜಿನ ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಅವರ ತಂದೆಗೆ ಅಷ್ಟು ಕಟ್ಟುವ ಶಕ್ತಿಯಿರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1992ರ ಜುಲೈ 30ರಂದು ನ್ಯಾಯಮೂರ್ತಿ ಕುಲ್ದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ಕ್ಯಾಪಿಟೇಷನ್ ಶುಲ್ಕ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ‘ಫ್ರೀ ಸೀಟು’, ‘ಪೇಮೆಂಟ್ ಸೀಟು’ ಎಂಬ ಅರ್ಧರ್ಧ ಹಂಚಿಕೆ ಬಂತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಹಂಚಿಕೆಯನ್ನು ಬದಿಗಿರಿಸಿತು. ಹೀಗೆ ವಂತಿಗೆಯ ಹೆಸರು ಹೋದರೂ ಶುಲ್ಕ ಮಾತ್ರ ಏರುತ್ತಲೇ ಬಂತು. ಈಗ ಶುಲ್ಕ ನಿಗದಿ ಸಮಿತಿಗಳಿವೆ, ರಸೀದಿ ಕೊಡುತ್ತಾರೆ, ಎಲ್ಲವೂ ಬ್ಯಾಂಕಿನ ಮೂಲಕ. ಕರ್ನಾಟಕದ ಖಾಸಗಿ ಕಾಲೇಜುಗಳ ಖಾಸಗಿ ಕೋಟಾದ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಅಥವಾ ಅದಕ್ಕೂ ಮೇಲೆ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಇಪ್ಪತ್ತು ಲಕ್ಷ ದಾಟಿದ ಕಡೆಗಳೂ ಇವೆ. ಮೋಹಿನಿ ಜೈನ್ ಅವರಿಗೆ ಹೊರೆಯಾಗಿದ್ದ ಅರವತ್ತು ಸಾವಿರ ಇಂದು ಹಾಸ್ಟೆಲಿಗೂ ಸಾಲದು.

ಗಡಿಯಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಮನೆ ಹೊಸೂರಿನಲ್ಲಿ, ಅಂಗಡಿ ಹೊಸೂರಿನಲ್ಲಿ, ಸಂಬಂಧಗಳೆಲ್ಲ ಬೆಂಗಳೂರಿನಲ್ಲಿ. ಮಕ್ಕಳ ಸ್ಕೂಲ್ ಬಸ್ಸು ಬೆಳಿಗ್ಗೆ ಅತ್ತಿಬೆಲೆ ದಾಟಿ ಆ ಕಡೆಗೆ ಹೋಗುವ ಮನೆಗಳೂ ಇವೆ, ಇಲ್ಲಿಯೇ ಓದಿಸುವವರೂ ಇದ್ದಾರೆ. ಐದನೆಯ ತರಗತಿಯಲ್ಲಿ ಇದು ಬರೀ ಬಸ್ಸಿನ ಬಾಡಿಗೆಯ ಪ್ರಶ್ನೆ. ಹನ್ನೆರಡನೆಯ ತರಗತಿಯ ನಂತರ ಇದೇ ಲಕ್ಷಗಳ ಪ್ರಶ್ನೆಯಾಗುತ್ತದೆ. ಕರ್ನಾಟಕದ ಸರ್ಕಾರಿ ಕೋಟಾಕ್ಕೆ ಹೆಚ್ಚಿನವರು ಅರ್ಹರಾಗುವ ದಾರಿಯೆಂದರೆ ಆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿ, ಅಲ್ಲಿಯೇ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಪಾಸಾಗಿರುವುದು. ತಮಿಳುನಾಡಿನಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಅಲ್ಲಿಯೇ ಓದಿದ್ದರೆ ತೊಂದರೆಯಿಲ್ಲ, ಇಲ್ಲವಾದರೆ ನೇಟಿವಿಟಿ ಸರ್ಟಿಫಿಕೇಟು, ತಂದೆತಾಯಿಯ ದಾಖಲೆ ಎಂದು ತಾಲೂಕು ಕಚೇರಿಯ ಬಾಗಿಲು ಕಾಯಬೇಕು. ಮೂರು ವರ್ಷ ಆ ಕಡೆ, ನಾಲ್ಕು ವರ್ಷ ಈ ಕಡೆ ಓದಿಸಿದ ಮಗು ಎರಡು ಕಡೆಗೂ ಸಲ್ಲದೆ ಹೋಗಬಹುದು. ಆಗ ಉಳಿಯುವುದು ಅಖಿಲ ಭಾರತ ಕೋಟಾದ ಶೇಕಡಾ 15ರ ಸರ್ಕಾರಿ ಸೀಟುಗಳ ಪೈಪೋಟಿ, ಇಲ್ಲವೇ ದುಬಾರಿ ಖಾಸಗಿ ಸೀಟು. ಆರನೆಯ ತರಗತಿಗೆ ಸೇರಿಸುವಾಗ ಯೂನಿಫಾರಂ ಬಣ್ಣ ನೋಡುವ ತಂದೆತಾಯಿಗಳು ಈ ನಿಯಮವನ್ನೂ ಒಮ್ಮೆ ನೋಡಿದರೆ ಚೆನ್ನು.

ಸರ್ಕಾರಿ ಸೀಟಿನ ಬೆಲೆ ಏನೆಂಬುದನ್ನು ಚಿದಂಬರದ ಉದಾಹರಣೆ ತೋರಿಸುತ್ತದೆ. ಅಣ್ಣಾಮಲೈ ವಿಶ್ವವಿದ್ಯಾಲಯವನ್ನು ತಮಿಳುನಾಡು ಸರ್ಕಾರ 2013ರಲ್ಲಿಯೇ ವಹಿಸಿಕೊಂಡಿತ್ತು. ಆದರೂ ಅಲ್ಲಿನ ರಾಜಾ ಮುತ್ತಯ್ಯ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬi.ಬಿ.ಎಸ್. ಶುಲ್ಕ ವರ್ಷಕ್ಕೆ 5.44 ಲಕ್ಷ ರೂಪಾಯಿಯಾಗಿಯೇ ಉಳಿದಿತ್ತು. 2020ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಧರಣಿ ಕುಳಿತರು, ವಾರಗಟ್ಟಲೆ ಏಳಲಿಲ್ಲ. ಕೊನೆಗೆ 2021ರ ಆರಂಭದಲ್ಲಿ ಸರ್ಕಾರ ಕಾಲೇಜನ್ನು ಆರೋಗ್ಯ ಇಲಾಖೆಗೆ ಸೇರಿಸಿ ಶುಲ್ಕವನ್ನು ಇತರ ಸರ್ಕಾರಿ ಕಾಲೇಜುಗಳ ಮಟ್ಟಕ್ಕೆ, ಅಂದರೆ 13,610 ರೂಪಾಯಿಗೆ ಇಳಿಸಿತು. ಅದೇ ಕಟ್ಟಡ, ಅದೇ ಅಧ್ಯಾಪಕರು, ಅದೇ ಆಸ್ಪತ್ರೆ! ನಮ್ಮ ಕೃಷ್ಣಗಿರಿಗೂ 2022ರ ಜನವರಿ 12ರಂದು ಪ್ರಧಾನಿಯವರು ಉದ್ಘಾಟಿಸಿದ ಹನ್ನೊಂದು ಹೊಸ ಸರ್ಕಾರಿ ಕಾಲೇಜುಗಳಲ್ಲಿ ಒಂದು ಬಂದಿದೆ. ಅದಕ್ಕೆ ಮೊದಲು ನಮಗೆ ಹತ್ತಿರದ ಸರ್ಕಾರಿ ಕಾಲೇಜೆಂದರೆ ಧರ್ಮಪುರಿಯದು, ಅದೂ 2008ರಲ್ಲಿ ಆರಂಭವಾದದ್ದು. ಊರ ಪಕ್ಕದ ಕಾಲೇಜು ಬೇಡ, ಹೆಸರುಳ್ಳ ಖಾಸಗಿ ಕಾಲೇಜೇ ಬೇಕು ಎನ್ನುವ ಹಟ ಕೆಲವು ಮನೆಗಳಲ್ಲಿದೆ. ಆ ಹಟಕ್ಕೆ ಎಷ್ಟು ಬೆಲೆ ಎಂದು ಈಗ ನೋಡೋಣ.

ಒಂದು ಮನೆ ಎಂದು ಇಟ್ಟುಕೊಳ್ಳಿ. ಮಗಳಿಗೆ ಖಾಸಗಿ ಸೀಟು. ವರ್ಷಕ್ಕೆ 8 ಲಕ್ಷದಂತೆ ಐದು ಕಂತು, ಒಟ್ಟು 40 ಲಕ್ಷ ಬ್ಯಾಂಕ್ ಸಾಲ. ಬಡ್ಡಿ ಶೇಕಡಾ 10 ಎನ್ನೋಣ, ಲೆಕ್ಕ ಸುಲಭವಾಗುತ್ತದೆ. ಶಿಕ್ಷಣ ಸಾಲದ ಪದ್ಧತಿಯಂತೆ ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಹೌಸ್ ಸರ್ಜನ್ ಕೆಲಸ, ಅದಾದ ಮೇಲೆ ಒಂದು ವರ್ಷದ ವಿನಾಯಿತಿ, ಒಟ್ಟು ಆರೂವರೆ ವರ್ಷ. ಈ ಅವಧಿಯಲ್ಲಿ ಬ್ಯಾಂಕು ಸರಳ ಬಡ್ಡಿ ಹಾಕುತ್ತದೆ, ಚಕ್ರಬಡ್ಡಿಯಲ್ಲ. ಆದರೆ ಮನ್ನಾ ಮಾಡುವುದಿಲ್ಲ, ಬರೆದಿಟ್ಟುಕೊಳ್ಳುತ್ತದೆ. ಮೊದಲ 8 ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಎರಡನೆಯದಕ್ಕೆ ಐದೂವರೆ, ಹೀಗೆ ಕೊನೆಯದಕ್ಕೆ ಎರಡೂವರೆ. ಕೂಡಿಸಿದರೆ 18 ಲಕ್ಷ. ಮೊದಲ ಕಂತು ಕಟ್ಟುವ ದಿನ ಅಸಲು 40 ಲಕ್ಷವಲ್ಲ, 58 ಲಕ್ಷ! ಅದನ್ನು ಹದಿನೈದು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ 62,300 ರೂಪಾಯಿಯ ಮೇಲೆ. ಕೊನೆಗೆ ಕಟ್ಟಿದ ಮೊತ್ತ ಒಂದು ಕೋಟಿ ಹನ್ನೆರಡು ಲಕ್ಷ.

ಈಗ ಅದೇ ಮಗಳ ಹೌಸ್ ಸರ್ಜನ್ ವರ್ಷವನ್ನು ನೋಡಿ. ಸಾಲ ಪೂರ್ತಿ 40 ಲಕ್ಷ ಹೊರಗೆ ಬಂದಿದೆ. ತಿಂಗಳ ಬಡ್ಡಿ 33,333 ರೂಪಾಯಿ. ಅವಳಿಗೆ ಬರುವ ಶಿಷ್ಯವೇತನ? ಕರ್ನಾಟಕ ಸರ್ಕಾರ 2020ರಲ್ಲಿ ಹೌಸ್ ಸರ್ಜನ್ನರ ಶಿಷ್ಯವೇತನವನ್ನು 20,000ದಿಂದ 30,000ಕ್ಕೆ ಏರಿಸಿತು. ಖಾಸಗಿ ಕಾಲೇಜುಗಳಲ್ಲಿ ಅಷ್ಟು ಕೈಗೆ ಬಂದರೆ ಪುಣ್ಯ. ದೆಹಲಿಯ ಸೇನಾ ವೈದ್ಯಕೀಯ ವಿಜ್ಞಾನ ಕಾಲೇಜಿನ ಹೌಸ್ ಸರ್ಜನ್ನರು ಶಿಷ್ಯವೇತನವೇ ಇಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ತಿಂಗಳಿಗೆ 25,000 ಕೊಡಲು ಆದೇಶಿಸಿತು. ಅಂದರೆ ಹಗಲು ರಾತ್ರಿ ವಾರ್ಡಿನಲ್ಲಿ ದುಡಿದ ಮಗುವಿನ ಇಡೀ ಸಂಬಳವನ್ನು ಬ್ಯಾಂಕಿಗೆ ಕೊಟ್ಟರೂ ಬಡ್ಡಿಗೇ ಸಾಲುವುದಿಲ್ಲ. ಊಟ, ಬಸ್ಸು, ಪುಸ್ತಕ ಬೇರೆ.

ದಾವಣಗೆರೆಯ ಕಥೆ ಇನ್ನೂ ಕಹಿ. ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಖಾಸಗಿಯದು, ಆದರೆ ಅದರ ವಿದ್ಯಾರ್ಥಿಗಳು ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ. ಸರ್ಕಾರಿ ಕೋಟಾದಲ್ಲಿ ಬಂದ ಹೌಸ್ ಸರ್ಜನ್ನರಿಗೆ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹಿಂದಿನಿಂದ ಸರ್ಕಾರವೇ ಶಿಷ್ಯವೇತನ ಕೊಡುತ್ತಿತ್ತು. ಆಮೇಲೆ ಆಡಳಿತ ಮಂಡಳಿಯೇ ಕೊಡಲಿ ಎಂದು ಸರ್ಕಾರ, ಸರ್ಕಾರವೇ ಕೊಡಬೇಕೆಂದು ಆಡಳಿತ ಮಂಡಳಿ. ಈ ಹಗ್ಗಜಗ್ಗಾಟದಲ್ಲಿ 2020ರ ಬೇಸಿಗೆ ಕಳೆಯುವ ಹೊತ್ತಿಗೆ 16 ತಿಂಗಳ ಬಾಕಿ ನಿಂತಿತ್ತು. ಅದು ಕೊರೋನಾ ಕಾಲ. ಸೋಂಕಿತರ ವಾರ್ಡಿನಲ್ಲಿ ದುಡಿಯುತ್ತಿದ್ದ ಮಕ್ಕಳು ಬೀದಿಯಲ್ಲಿ ಧರಣಿ ಕೂರಬೇಕಾಯಿತು. ಅಂಗಡಿಯ ಗುಮಾಸ್ತನಿಗೆ ಒಂದು ತಿಂಗಳ ಸಂಬಳ ತಡವಾದರೆ ನಾವೇ ನಾಚಿಕೊಳ್ಳುತ್ತೇವಲ್ಲವೇ?

ಹೌಸ್ ಸರ್ಜನ್ ವರ್ಷ ಮುಗಿದರೆ ಕಷ್ಟ ತೀರಿತೆಂದು ತಿಳಿಯಬಾರದು. ಇಂದು ಬರೀ ಎಂ.ಬಿ.ಬಿ.ಎಸ್. ಓದಿದವರನ್ನು ನಮ್ಮವರೇ ‘ಡಾಕ್ಟರಾ, ಯಾವ ಸ್ಪೆಷಲಿಸ್ಟು?’ ಎಂದು ಕೇಳುತ್ತಾರೆ. ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷ ದಾಟಿವೆ, ಎಂ.ಡಿ., ಎಂ.ಎಸ್. ಸೀಟುಗಳು ಅದಕ್ಕಿಂತ ಕಡಿಮೆ. ಆದ್ದರಿಂದ ಒಂದು ವರ್ಷ, ಕೆಲವರಿಗೆ ಎರಡು ವರ್ಷ, ಕೋಚಿಂಗಿನಲ್ಲಿ ಕಳೆಯುತ್ತದೆ. ಆ ಅವಧಿಯಲ್ಲಿ ಶಿಷ್ಯವೇತನವೂ ಇಲ್ಲ. ಸೀಟು ಸಿಕ್ಕಿದರೆ ಮತ್ತೆ ಮೂರು ವರ್ಷ. ಬ್ಯಾಂಕು ಕಂತನ್ನು ಮುಂದೂಡಿದರೂ 40 ಲಕ್ಷದ ಅಸಲಿಗೆ ಮೂರು ವರ್ಷದ ಸರಳ ಬಡ್ಡಿಯೇ ಇನ್ನೂ 12 ಲಕ್ಷ. ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗೆ 2020ರಲ್ಲಿ 45,000 ಎಂದು ನಿಗದಿಯಾಗಿತ್ತು. 2024ರ ಆಗಸ್ಟಿನಲ್ಲಿ ನಿವಾಸಿ ವೈದ್ಯರು ಮುಷ್ಕರ ಹೂಡಿದ ಮೇಲೆ ಅದು ಶೇಕಡಾ 25ರಷ್ಟು ಏರಿತು. ಕೇಳದೆ ಏರಿದ ಉದಾಹರಣೆ ಅಪರೂಪ.

ಕೆಲಸದ ಹೊತ್ತಿನ ಬಗ್ಗೆಯೂ ಒಂದು ಮಾತು. ಕೇಂದ್ರ ಸರ್ಕಾರದ 1992ರ ನಿವಾಸಿ ವೈದ್ಯರ ಯೋಜನೆಯಲ್ಲಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರಬಾರದು ಎಂದಿದೆ. ಮೂವತ್ತು ವರ್ಷ ಕಳೆದರೂ ಅದು ಹೆಚ್ಚಾಗಿ ಕಾಗದದಲ್ಲೇ ಉಳಿದಿದೆ. ಮೂವತ್ತಾರು ಗಂಟೆ ನಿದ್ದೆಗೆಟ್ಟ ಮಕ್ಕಳನ್ನು ಕಂಡ ತಾಯಂದಿರು ನಮ್ಮಲ್ಲೂ ಇದ್ದಾರೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ರಾತ್ರಿ ಪಾಳಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ಮಲಗಿದ್ದ ಯುವ ವೈದ್ಯೆಯ ಕೊಲೆಯಾದ ಸುದ್ದಿ ಬಂದಾಗ ಹೆಣ್ಣುಮಕ್ಕಳನ್ನು ಈ ಓದಿಗೆ ಕಳಿಸಿದ ಮನೆಗಳಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಕಡಿಮೆ ಸಂಬಳದ ಮಾತಿಗಿಂತ ದೊಡ್ಡ ಮಾತು ಅದು. ಕಾಲೇಜು ನೋಡಲು ಹೋದಾಗ ಡ್ಯೂಟಿ ರೂಮನ್ನೂ ನೋಡಿ ಬನ್ನಿ ಎಂದಷ್ಟೇ ಇಲ್ಲಿ ಹೇಳಬಹುದು.

ಪರದೇಶದಲ್ಲಿ ಎಲ್ಲವೂ ಸುಖವೆಂದು ಭಾವಿಸುವವರಿಗಾಗಿ: ಅಮೆರಿಕದಲ್ಲಿ ಸಾಲ ಮಾಡಿ ಓದಿದ ಯುವ ವೈದ್ಯರ ತಲೆಯ ಮೇಲೆ ಸಾಮಾನ್ಯವಾಗಿ ಎರಡು ಲಕ್ಷ ಡಾಲರಿನ ಆಸುಪಾಸು ಹೊರೆಯಿರುತ್ತದೆ. ಅಲ್ಲಿ ವಾರಕ್ಕೆ 80 ಗಂಟೆ ಎಂಬ ಮಿತಿ ಬಂದದ್ದೇ 2003ರಲ್ಲಿ. ಇಂಗ್ಲೆಂಡಿನ ಕಿರಿಯ ವೈದ್ಯರು 2023ರಲ್ಲಿ ಸಂಬಳಕ್ಕಾಗಿ ಮತ್ತೆ ಮತ್ತೆ ಮುಷ್ಕರ ಮಾಡಿದರು. ಆದರೆ ಅಲ್ಲಿ ಸಾಲ ಮಗುವಿನ ಹೆಸರಲ್ಲಿರುತ್ತದೆ. ನಮ್ಮಲ್ಲಿ ಅಂಗಡಿಯ ಹೆಸರಲ್ಲಿ.

ಇದೇ ಈ ಲೇಖನದ ಮುಖ್ಯ ವಿಷಯ. ನಮ್ಮ ಮನೆಗಳಲ್ಲಿ ಶಿಕ್ಷಣ ಸಾಲ ತೆಗೆದುಕೊಳ್ಳುವುದೆಂದರೆ ಮರ್ಯಾದೆಗೆ ಕಡಿಮೆ ಎಂಬ ಭಾವನೆಯಿದೆ. ‘ನಮಗೇನು ಬ್ಯಾಂಕಿನ ಸಾಲ’ ಎಂದು ಅಂಗಡಿಯ ಓವರ್‌ಡ್ರಾಫ್ಟ್ ಖಾತೆಯಿಂದಲೇ ಫೀಸು ಕಟ್ಟುತ್ತಾರೆ. ಕೌನ್ಸೆಲಿಂಗ್ ನಡೆದು ಹಣ ಕಟ್ಟುವ ಹೊತ್ತು ಯಾವುದು? ಆಗಸ್ಟಿನಿಂದ ಅಕ್ಟೋಬರ್, ದೀಪಾವಳಿಗೆ ಸರಕು ತುಂಬುವ ಹೊತ್ತು. ಬಂಡವಾಳ ಕಾಲೇಜಿಗೆ ಹೋಯಿತು, ಸರಕು ಉದ್ರಿಯಲ್ಲಿ ಬಂತು, ಉದ್ರಿಗೆ ಬೆಲೆ ಹೆಚ್ಚಾಯಿತು. ಈ ನಷ್ಟ ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಓವರ್‌ಡ್ರಾಫ್ಟಿಗೆ ತಿಂಗಳು ತಿಂಗಳೂ ಬಡ್ಡಿ ಸೇರಿ ಅದರ ಮೇಲೆ ಬಡ್ಡಿ. ಶಿಕ್ಷಣ ಸಾಲಕ್ಕೆ ಓದುವಷ್ಟು ಕಾಲ ಸರಳ ಬಡ್ಡಿ. ಓದುವ ಕಾಲದಲ್ಲೇ ಬಡ್ಡಿಯನ್ನು ಕಟ್ಟುತ್ತ ಬಂದರೆ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಶೇಕಡಾ 1ರ ರಿಯಾಯಿತಿಯೂ ಇದೆ. ಮೇಲಿನ ಉದಾಹರಣೆಯ ಮನೆಯವರು ಫೀಸನ್ನು ಬ್ಯಾಂಕಿಗೆ ಬಿಟ್ಟು ಬಡ್ಡಿಯನ್ನಷ್ಟೇ ತಿಂಗಳು ತಿಂಗಳೂ ಅಂಗಡಿಯಿಂದ ಕಟ್ಟಿದ್ದರೆ ಅಸಲು 40 ಲಕ್ಷದಲ್ಲೇ ನಿಲ್ಲುತ್ತಿತ್ತು. ಆಗ ಹದಿನೈದು ವರ್ಷದ ಕಂತು 62,300 ಅಲ್ಲ, 43,000ಕ್ಕೂ ಕೊಂಚ ಕಡಿಮೆ. ಬಡ್ಡಿಗೆ ಆದಾಯ ತೆರಿಗೆಯ ವಿನಾಯಿತಿ ಎಂಟು ವರ್ಷದವರೆಗೆ ಸಿಗುತ್ತದೆ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ ಬ್ಯಾಂಕಿನಂಥ ಸಂಸ್ಥೆಯಿಂದ ಪಡೆದ ಸಾಲಕ್ಕೆ. ಮಾವನಿಂದ ಪಡೆದ ಕೈಗಡಕ್ಕೆ ಇಲ್ಲ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಜಾಮೀನು ಕೇಳುತ್ತಾರೆ ಎಂಬುದನ್ನೂ ನೆನಪಿಡಬೇಕು. ಇರುವ ಒಂದೇ ಮನೆಯ ಪತ್ರವನ್ನು ಬ್ಯಾಂಕಿಗೆ ಕೊಡುವ ಮುನ್ನ ಮನೆಯ ಹೆಂಗಸರೊಂದಿಗೂ ಮಾತಾಡಿ.

ಅಣ್ಣತಮ್ಮಂದಿರು ಕೂಡಿ ನಡೆಸುವ ಅಂಗಡಿಯಾದರೆ ಇನ್ನೂ ಎಚ್ಚರ ಬೇಕು. ಒಬ್ಬ ತಮ್ಮನ ಮಗಳ ಓದಿಗೆ ಅಂಗಡಿಯಿಂದ ಲಕ್ಷಗಳು ಹೋಗುತ್ತವೆ. ಅಣ್ಣನ ಮಗ ಹದಿನೆಂಟಕ್ಕೇ ಗಲ್ಲಾ ಮುಂದೆ ಕೂತು ದುಡಿಯುತ್ತಿರುತ್ತಾನೆ. ‘ಅಯ್ಯೋ, ಅವಳು ನಮ್ಮ ಮಗಳೂ ಅಲ್ಲವೇ’ ಎಂದು ದೊಡ್ಡಪ್ಪ ಮನಸಾರೆ ಹೇಳಿರಬಹುದು. ಆದರೆ ಹತ್ತು ವರ್ಷದ ನಂತರ ಪಾಲಾಗುವ ದಿನ ಆ ಮಾತು ಯಾರ ನೆನಪಿನಲ್ಲಿ ಹೇಗೆ ಉಳಿದಿರುತ್ತದೋ ಹೇಳಲಾಗದು. ಮೊದಲ ಕಂತು ಕಟ್ಟಿದ ದಿನವೇ ಕಿರ್ದಿ ಪುಸ್ತಕದಲ್ಲಿ ಬರೆಯಿರಿ: ಇದು ಅಂಗಡಿ ಕೊಟ್ಟ ಸಾಲವೋ, ಮನೆತನದ ಕೊಡುಗೆಯೋ, ಆ ತಮ್ಮನ ಪಾಲಿನಿಂದ ಕಳೆಯತಕ್ಕದ್ದೋ. ಬರೆದರೆ ಸಂಬಂಧ ಕೆಡುತ್ತದೆ ಎನ್ನುವವರು ಬರೆಯದೆ ಕೆಟ್ಟ ಸಂಬಂಧಗಳನ್ನು ಲೆಕ್ಕ ಹಾಕಲಿ.

ಮದುವೆಯ ಮಾತಿಗೂ ಇದು ತಗಲುತ್ತದೆ. ಹುಡುಗಿ ಡಾಕ್ಟರು ಎಂದು ಬಯೋಡೇಟಾದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇವೆ. ಅವಳ ಹೆಸರಲ್ಲಿ, ತಂದೆಯ ಸಹಿಯೊಂದಿಗೆ, ಐವತ್ತು ಲಕ್ಷದ ಸಾಲವಿದೆ ಎಂಬುದನ್ನು ಹೇಳುವುದಿಲ್ಲ. ಮದುವೆಯಾದ ಮೇಲೆ ಅವಳ ಸಂಬಳದಿಂದ ತವರಿನ ಬ್ಯಾಂಕಿಗೆ ಕಂತು ಹೋಗುವುದು ಗಂಡನ ಮನೆಯಲ್ಲಿ ಗೊತ್ತಾದ ದಿನ ಏನೇನು ಮಾತು ಬರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಾತುಕತೆಯ ದಿನವೇ ಹೇಳಿಬಿಡುವುದು ಲೇಸು. ಡಾಕ್ಟರ್ ಸೊಸೆ ಬೇಕೆನ್ನುವವರು ಅವಳು ಡಾಕ್ಟರಾದದ್ದು ಹೇಗೆಂದು ತಿಳಿಯುವುದು ತಪ್ಪಲ್ಲ.

ನೆರವು ಎಲ್ಲಿದೆ? 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದ ಮೇಲೆ ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ಶಿಕ್ಷಣ ಸಾಲ ನಮಗೂ ತೆರೆದಿದೆ. ಕಡಿಮೆ ಆದಾಯದವರಿಗೆ ಶೇಕಡಾ 3ರ ಬಡ್ಡಿ. ತಮಿಳುನಾಡಿನಲ್ಲಿ ಇದು ‘ಟಾಮ್ಕೋ’ ಎಂಬ ಅಲ್ಪಸಂಖ್ಯಾತರ ನಿಗಮದ ಮೂಲಕ ಬರುತ್ತದೆ. ಕರ್ನಾಟಕದ ನಿವಾಸಿಗಳಿಗೆ ಅಲ್ಲಿನ ನಿಗಮದ ‘ಅರಿವು’ ಯೋಜನೆ ಇದೆ. ಎರಡಕ್ಕೂ ಆದಾಯದ ಮಿತಿಯುಂಟು. ದೊಡ್ಡ ಅಂಗಡಿಯವರಿಗೆ ಇದು ಸಲ್ಲದು, ಆದರೆ ನಮ್ಮಲ್ಲಿ ಎಲ್ಲರೂ ದೊಡ್ಡ ಅಂಗಡಿಯವರಲ್ಲ. ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುವ, ಮನೆಯಲ್ಲಿ ಹಪ್ಪಳ ಮಾಡಿ ಮಾರುವ ಕುಟುಂಬಗಳ ಮಕ್ಕಳೂ ಅಂಕ ತೆಗೆಯುತ್ತಾರೆ.

ನಮ್ಮ ಸಮಾಜದ ಟ್ರಸ್ಟುಗಳಿಗೂ ಒಂದು ವಿನಂತಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ನಮ್ಮವರು ಎಂದೂ ಹಿಂದೆ ಬಿದ್ದಿಲ್ಲ. ಕಣ್ಣಿನ ಶಿಬಿರ, ಉಚಿತ ದವಾಖಾನೆ ನಡೆಯುತ್ತಲೇ ಇವೆ. ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ, ಆದರೆ ಹೆಚ್ಚಾಗಿ ಮೊದಲ ವರ್ಷಕ್ಕೆ, ಸನ್ಮಾನದ ಶಾಲಿನೊಂದಿಗೆ. ಹಣ ಬೇಕಾಗುವುದು ಫೋಟೋ ತೆಗೆಯುವ ಆ ದಿನವಲ್ಲ, ಐದನೆಯ ವರ್ಷದ ನಂತರ. ಹೌಸ್ ಸರ್ಜನ್ ವರ್ಷ ಮತ್ತು ಅದರ ಮುಂದಿನ ವರ್ಷ, ಈ ಎರಡು ವರ್ಷದ ಬ್ಯಾಂಕ್ ಬಡ್ಡಿಯನ್ನು ಟ್ರಸ್ಟು ಬಡ್ಡಿಯಿಲ್ಲದ ಸಾಲವಾಗಿ ಕಟ್ಟಿ, ವೈದ್ಯರಾದ ಮೇಲೆ ನಿಧಾನವಾಗಿ ವಾಪಸು ಪಡೆದರೆ ಅದೇ ಹಣ ಮುಂದಿನ ಮಗುವಿಗೂ ಆದೀತು. ನಮ್ಮ ಉದಾಹರಣೆಯ ಮಗಳಿಗೆ ಅದು 8 ಲಕ್ಷ ರೂಪಾಯಿ.

ಇನ್ನು ಕೌನ್ಸೆಲಿಂಗಿಗೆ ಹೊರಟಿರುವ ಮನೆಗಳಿಗೆ. ಶುಲ್ಕವನ್ನೂ ಶಿಷ್ಯವೇತನವನ್ನೂ ಬಹಿರಂಗಪಡಿಸಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2025ರ ಜುಲೈನಲ್ಲಿ ಎಲ್ಲ ಕಾಲೇಜುಗಳಿಗೆ ಸೂಚಿಸಿದೆ. ಆದ್ದರಿಂದ ಸಂಕೋಚಪಡದೆ ಕೇಳಿ. ಕಳೆದ ವರ್ಷದ ಹೌಸ್ ಸರ್ಜನ್ನರಿಗೆ ತಿಂಗಳಿಗೆ ಎಷ್ಟು ಕೊಟ್ಟಿರಿ? ಅದು ಬ್ಯಾಂಕ್ ಖಾತೆಗೆ ಬಂದಿತೇ? ನಾಲ್ಕೂವರೆ ವರ್ಷದ ಓದಿಗೆ ಐದು ವರ್ಷದ ಫೀಸೇ? ನಡುವೆ ಸೀಟು ಬಿಟ್ಟರೆ ದಂಡವೆಷ್ಟು, ಓದು ಮುಗಿದ ಮೇಲೆ ಕಡ್ಡಾಯ ಸೇವೆಯ ಬಾಂಡ್ ಉಂಟೇ? ಕೌಂಟರಿನಲ್ಲಿರುವವರ ಮಾತನ್ನಷ್ಟೇ ನಂಬದೆ ಈಗ ಅಲ್ಲಿ ಹೌಸ್ ಸರ್ಜನ್ ಆಗಿರುವ ಇಬ್ಬರು ಮಕ್ಕಳನ್ನು ಕ್ಯಾಂಟೀನಿನಲ್ಲಿ ಕೂರಿಸಿ ಕಾಫಿ ಕೊಡಿಸಿ ವಿಚಾರಿಸಿ. ಶಿಷ್ಯವೇತನದ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಬಾರದಿದ್ದರೆ ಆ ಖಾನೆಯಲ್ಲಿ ಸೊನ್ನೆ ಬರೆದುಕೊಂಡೇ ಲೆಕ್ಕ ಕೂಡಿಸಿ.